ಮಠ ಬಿಡೋದಿಲ್ಲ ಅಂತ ಪ್ರತಿಜ್ಞೆ ಮಾಡಿದವರು ಸಮುದ್ರ ದಾಟಿದ್ದು ಹೇಗೆ?

ಪ್ರಶ್ನೆ: ಪಿಟ್ಸ್‌ಬರ್ಗ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಅವಳು ನಮ್ಮನ್ನು ಲ್ಯಾಟ್ರೋಬ್ ಎಂಬ ಊರಿನ ಸೇಂಟ್ ವಿನ್ಸೆಂಟ್ ಮಠಕ್ಕೆ ಕರೆದುಕೊಂಡು ಹೋದಳು. ಅಲ್ಲಿನ ಹಳೇ ಗಿರಣಿಯಲ್ಲಿ ಹಿಟ್ಟು ಕೊಂಡು ತಂದು ಚಪಾತಿಯನ್ನೂ ಮಾಡಿದೆವು. ಮಠ ಕಟ್ಟಿದವರು ಜರ್ಮನಿಯಿಂದ ಬಂದ ಸನ್ಯಾಸಿಗಳಂತೆ. ಆದರೆ ಬೆನೆಡಿಕ್ಟೈನ್ ಸನ್ಯಾಸಿಗಳು ಸೇರಿದ ಮಠವನ್ನು ಸಾಯುವ ತನಕ ಬಿಡುವುದಿಲ್ಲ ಅಂತ ಪ್ರತಿಜ್ಞೆ ಮಾಡುತ್ತಾರೆ ಅಂತ ನಾನು ಓದಿದ್ದೆ. ಹಾಗಿದ್ದರೆ ಇವರು ಅಲ್ಲಿಗೆ ಬಂದದ್ದು ಹೇಗೆ? ದುಡ್ಡು ಕೊಟ್ಟವರು ಯಾರು? ಬೇರೆ ಕಡೆಯೂ ಇಂಥ ಮಠಗಳಿವೆಯಾ? (ಮೈಸೂರಿನ ಓದುಗರೊಬ್ಬರು)

ಉತ್ತರ: ನೀವು ಓದಿದ್ದು ಸರಿ. ನಮ್ಮ ಕಡೆ ಸನ್ಯಾಸಿ ಅಂದರೆ ಸಂಚಾರಿ. ಒಂದೇ ಊರಲ್ಲಿ ಬೇರು ಬಿಡಬಾರದು, ಚಾತುರ್ಮಾಸ್ಯಕ್ಕೆ ಮಾತ್ರ ಒಂದು ಕಡೆ ನಿಲ್ಲಬೇಕು ಅನ್ನೋದು ಹಳೇ ಲೆಕ್ಕ. ಬೆನೆಡಿಕ್ಟೈನರದು ಇದಕ್ಕೆ ಪೂರಾ ತಿರುವುಮುರುವು. 6ನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟರು ಬರೆದ ನಿಯಮಾವಳಿಯ ಮೊದಲ ಅಧ್ಯಾಯದಲ್ಲೇ ಮಠದಿಂದ ಮಠಕ್ಕೆ ತಿರುಗುತ್ತಾ, ಮೂರು ದಿನ ಇಲ್ಲಿ ಉಂಡು ನಾಲ್ಕು ದಿನ ಅಲ್ಲಿ ಉಂಡು ಕಾಲ ಹಾಕುವ ಸನ್ಯಾಸಿಗಳನ್ನು ಚೆನ್ನಾಗಿ ಬೈದಿದ್ದಾರೆ. ಮಠ ಸೇರುವವನು ಮಾಡುವ ಪ್ರತಿಜ್ಞೆಗಳಲ್ಲಿ ಮೊದಲನೆಯದೇ 'ಸ್ಥಿರವಾಗಿ ನೆಲೆಸುತ್ತೇನೆ' ಅನ್ನೋದು. ನಮ್ಮ ಮಾತಲ್ಲಿ ಹೇಳೋದಾದರೆ ಜಂಗಮನಾಗಬೇಡ, ಸ್ಥಾವರವಾಗು ಅಂತ.

ಆದರೆ ಆ ಪ್ರತಿಜ್ಞೆ ಇರುವುದು ಮಠದ ಸಮುದಾಯಕ್ಕೆ. ನೆಲಕ್ಕೆ, ಗೋಡೆಗೆ ಅಲ್ಲ. ಒಬ್ಬ ಸನ್ಯಾಸಿ ತನಗೆ ಮನಸ್ಸು ಬಂತು ಅಂತ ಗಂಟು ಕಟ್ಟಿಕೊಂಡು ಹೊರಡುವ ಹಾಗಿಲ್ಲ. ಆದರೆ ಮಠಾಧಿಪತಿ ಒಪ್ಪಿ ಒಂದು ಗುಂಪನ್ನು ಕಳಿಸಿದರೆ, ಅವರು ಹೋದ ಕಡೆ ಅದೇ ಮಠದ ಕೊಂಬೆಯೊಂದು ಬೇರೂರುತ್ತದೆ. ಮೂಲ ಮಠ, ಶಾಖಾ ಮಠ ನಮಗೇನು ಹೊಸದಲ್ಲ, ಅಲ್ವಾ? ಒಂದು ವ್ಯತ್ಯಾಸ ಇದೆ. ಶಾಖೆ ಬಲಿತ ಮೇಲೆ ಸ್ವತಂತ್ರ ಆಗುತ್ತದೆ, ತನ್ನ ಮಠಾಧಿಪತಿಯನ್ನು ತಾನೇ ಚುನಾಯಿಸಿಕೊಳ್ಳುತ್ತದೆ. ಗುಂಪಿನಲ್ಲಿ ಹನ್ನೆರಡು ಜನ, ಮುಂದಾಳು ಒಬ್ಬ ಅನ್ನೋದು ಹಳೇ ವಾಡಿಕೆ. ಕ್ರಿಸ್ತ ಮತ್ತು ಹನ್ನೆರಡು ಶಿಷ್ಯರ ಲೆಕ್ಕ.

ಹೀಗೆ ಪರದೇಶಕ್ಕೆ ಹೊರಡುವುದು 19ನೇ ಶತಮಾನದಲ್ಲಿ ಹುಟ್ಟಿದ್ದಲ್ಲ. ಸುಮಾರು 590ರಲ್ಲೇ ಐರ್ಲೆಂಡಿನ ಕೊಲಂಬಾನಸ್ ಅನ್ನೋ ಸನ್ಯಾಸಿ ಹಡಗು ಹತ್ತಿ ಫ್ರಾನ್ಸಿಗೆ ಹೋಗಿ ಲಕ್ಸೇ ಎಂಬಲ್ಲಿ ಮಠ ಕಟ್ಟಿದರು. ರಾಜಮನೆತನದ ಜತೆ ಜಗಳವಾಗಿ ಅಲ್ಲಿಂದ ಹೊರದಬ್ಬಿಸಿಕೊಂಡು, ಕೊನೆಗೆ ಇಟಲಿಯ ಬೊಬ್ಬಿಯೊದಲ್ಲಿ ಇನ್ನೊಂದು ಕಟ್ಟಿ 615ರಲ್ಲಿ ತೀರಿಕೊಂಡರು. ದಾರಿಯಲ್ಲಿ ಅವರ ಶಿಷ್ಯ ಗಾಲ್‌ಗೆ ಜ್ವರ ಬಂದು ಸ್ವಿಟ್ಜರ್ಲೆಂಡಿನಲ್ಲೇ ಉಳಿದುಬಿಟ್ಟನಂತೆ. ಆತನ ಹೆಸರಿನಲ್ಲೇ ಸೇಂಟ್ ಗಾಲೆನ್ ಪಟ್ಟಣ ಇದೆ. ಒಂದು ಜ್ವರಕ್ಕೆ ಒಂದು ಊರು!

ಈಗ ನಿಮ್ಮ ಲ್ಯಾಟ್ರೋಬ್‌ಗೆ ಬರೋಣ.

ಬವೇರಿಯಾದಲ್ಲಿ ಮೆಟ್ಟನ್ ಅಂತ 8ನೇ ಶತಮಾನದ ಮಠ ಒಂದಿದೆ. 1803ರಲ್ಲಿ ಸರ್ಕಾರ ಮಠಗಳ ಆಸ್ತಿಯನ್ನೆಲ್ಲ ಕಿತ್ತುಕೊಂಡಾಗ ಅದೂ ಮುಚ್ಚಿಹೋಯಿತು. 1830ರಲ್ಲಿ ರಾಜ ಮೊದಲನೇ ಲುಡ್ವಿಗ್ ಅದನ್ನು ಮತ್ತೆ ತೆರೆಸಿದ. ಎರಡು ವರ್ಷದ ಮೇಲೆ ಅಲ್ಲಿಗೆ ಸೇರಿದವರಲ್ಲಿ ಸೆಬಾಸ್ಟಿಯನ್ ವಿಮ್ಮರ್ ಎಂಬ ಯುವಕ ಪಾದ್ರಿಯೂ ಒಬ್ಬರು. ಹಳ್ಳಿಯ ಹೋಟೆಲಿನವರ ಮಗ. ಮಠ ಸೇರಿದಾಗ ಕೊಟ್ಟ ಹೆಸರು ಬೋನಿಫೇಸ್. ಆ ಹೆಸರಿನ ಸಂತ 8ನೇ ಶತಮಾನದಲ್ಲಿ ಇಂಗ್ಲೆಂಡಿನಿಂದ ಜರ್ಮನಿಗೆ ಹೋಗಿ ಮಠಗಳನ್ನು ಕಟ್ಟಿದವರು. ಸಾವಿರ ವರ್ಷದ ಮೇಲೆ ಅವರ ಹೆಸರು ಹೊತ್ತ ಜರ್ಮನ್ ಸನ್ಯಾಸಿ ಇಂಗ್ಲಿಷ್ ಆಡುವ ನೆಲಕ್ಕೆ ಹೊರಟ. ಸಾಲ ತೀರಿಸಿದ ಹಾಗಾಯ್ತು.

ವಿಮ್ಮರ್ ಸುಮ್ನೆ ಕೂರುವ ಆಸಾಮಿ ಅಲ್ಲ. ದಿನಕ್ಕೊಂದು ಹೊಸ ಯೋಜನೆ. ಜತೆಯವರು 'ಯೋಜನೆಗಾರ' ಅಂತಲೇ ಅಡ್ಡಹೆಸರಿಟ್ಟಿದ್ದರು. ಆ ಕಾಲದಲ್ಲಿ ಬಡತನಕ್ಕೆ ಬೇಸತ್ತ ಜರ್ಮನ್ ರೈತರು ಲಕ್ಷಗಟ್ಟಲೆ ಅಮೆರಿಕಕ್ಕೆ ಹೋಗುತ್ತಿದ್ದರು. ಅಲ್ಲಿ ಅವರ ಭಾಷೆಯಲ್ಲಿ ಪ್ರವಚನ ಮಾಡುವ ಪಾದ್ರಿಗಳು ತೀರಾ ಕಡಿಮೆ. 1845ರಲ್ಲಿ ವಿಮ್ಮರ್ ಆಗ್ಸ್‌ಬರ್ಗಿನ ಪತ್ರಿಕೆಯೊಂದಕ್ಕೆ ತಮ್ಮ ಹೆಸರು ಹಾಕದೆ ಲೇಖನ ಬರೆದರು. ಒಂಟಿ ಪಾದ್ರಿಯನ್ನು ಕಳಿಸಿ ಪ್ರಯೋಜನ ಇಲ್ಲ, ಮಠವನ್ನೇ ಕಳಿಸಿ. ಸನ್ಯಾಸಿಗಳು ಹೊಲ ಉತ್ತು ತಮ್ಮ ಅನ್ನ ತಾವೇ ಬೆಳೆದುಕೊಳ್ಳುತ್ತಾರೆ, ಶಾಲೆ ತೆರೆದು ಅಲ್ಲಿನ ಹುಡುಗರಿಂದಲೇ ಮುಂದಿನ ಪಾದ್ರಿಗಳನ್ನು ತಯಾರು ಮಾಡುತ್ತಾರೆ. ಇದು ಅವರ ವಾದ. ಪಾದ್ರಿ ಸತ್ತರೆ ಕೆಲಸ ನಿಲ್ಲುತ್ತದೆ, ಮಠ ಸಾಯುವುದಿಲ್ಲ ಅನ್ನೋ ಲೆಕ್ಕಾಚಾರ. ನನ್ನ ಪ್ರಕಾರ ಇಡೀ ಕತೆಯ ಜೀವ ಇರುವುದು ಈ ವಾದದಲ್ಲಿ.

ಮೆಟ್ಟನ್‌ನ ಹಿರಿಯರಿಗೆ ಇದು ಹಿಡಿಸಲಿಲ್ಲ. ಆಗ ತಾನೇ ಮತ್ತೆ ಬಾಗಿಲು ತೆರೆದ ಮಠ, ಇರೋದೇ ಬೆರಳೆಣಿಕೆ ಜನ. ಅವರಲ್ಲೂ ಒಬ್ಬ ಹೋಗಿಬಿಟ್ಟರೆ? ವಿಮ್ಮರ್ ಬಿಡಲಿಲ್ಲ. ಕೇಳಿದರು, ಬೇಡ ಅಂದರು, ಮತ್ತೆ ಕೇಳಿದರು. ಕೊನೆಗೆ ಒಪ್ಪಿಗೆ ಸಿಕ್ಕಿತು. ಆದರೆ ಮೆಟ್ಟನ್‌ನಿಂದ ಬೇರೆ ಒಬ್ಬ ಸನ್ಯಾಸಿಯೂ ಜತೆಗೆ ಹೊರಡಲಿಲ್ಲ! 1846ರ ಜುಲೈ 25ರಂದು ಮ್ಯೂನಿಕ್ ಬಿಟ್ಟಾಗ ವಿಮ್ಮರ್ ಜತೆ ಇದ್ದದ್ದು ನಾಲ್ವರು ವಿದ್ಯಾರ್ಥಿಗಳು, ಹದಿನಾಲ್ಕು ಜನ ರೈತರು ಮತ್ತು ಕೈಕಸುಬಿನವರು. ಪ್ರತಿಜ್ಞೆ ಮಾಡಿದ ಸನ್ಯಾಸಿ ಅಂತ ಇದ್ದದ್ದು ಅವರೊಬ್ಬರೇ. ಹನ್ನೆರಡು ಜನರ ವಾಡಿಕೆ ಅಂದೆನಲ್ಲ, ಇಲ್ಲಿ ಅದು ಹೀಗೆ ತಲೆಕೆಳಗಾಯಿತು. ಮೊದಲು ಹೊರಟರು, ಸನ್ಯಾಸಿಗಳಾದದ್ದು ಆಮೇಲೆ.

ಸೆಪ್ಟೆಂಬರ್ ಮಧ್ಯದಲ್ಲಿ ನ್ಯೂಯಾರ್ಕಿಗೆ ಬಂದಿಳಿದಾಗ ಅಲ್ಲಿನ ಜರ್ಮನ್ ಪಾದ್ರಿಗಳೇ ಇದು ಆಗಹೋಗದ ಕೆಲಸ, ವಾಪಸ್ ಹೋಗಿ ಅಂತ ಬುದ್ಧಿ ಹೇಳಿದರು. ಮೊದಲು ಪೆನ್ಸಿಲ್ವೇನಿಯಾದ ಕ್ಯಾರೊಲ್‌ಟೌನ್‌ಗೆ ಹೋದರು. ಅಲ್ಲಿ ಸರಿಬರಲಿಲ್ಲ. ಪಿಟ್ಸ್‌ಬರ್ಗಿನ ಧರ್ಮಾಧ್ಯಕ್ಷ ಮೈಕಲ್ ಓಕಾನರ್ ಅವರು ಸೇಂಟ್ ವಿನ್ಸೆಂಟ್ ಧರ್ಮಕೇಂದ್ರದ ಜಾಗ ತೋರಿಸಿದರು. 1790ರಲ್ಲಿ ಡಚ್ ಪಾದ್ರಿಯೊಬ್ಬರು ಕೊಂಡಿದ್ದ ಹೊಲ ಅದು. ಒಂದು ಚರ್ಚು, ಒಂದು ಮನೆ, ಒಂದು ಶಾಲಾ ಕೊಠಡಿ, ಅಷ್ಟೇ ಆಸ್ತಿ. ಅಕ್ಟೋಬರ್ 18ರಂದು ಅಲ್ಲಿಗೆ ಬಂದರು. 24ರಂದು ವಿಮ್ಮರ್ ತಮ್ಮ ಜತೆ ಬಂದವರಿಗೆ ಸನ್ಯಾಸಿ ಉಡುಪು ತೊಡಿಸಿದರು. ಆ ದಿನವನ್ನೇ ಮಠದ ಹುಟ್ಟು ಅಂತ ಲೆಕ್ಕ ಹಿಡಿಯುತ್ತಾರೆ.

ದುಡ್ಡಿನ ಪ್ರಶ್ನೆ ಕೇಳಿದಿರಿ. ದೊಡ್ಡ ಪಾಲು ಬವೇರಿಯಾದಿಂದಲೇ ಬಂತು. 1838ರಲ್ಲಿ ಮ್ಯೂನಿಕ್‌ನಲ್ಲಿ ರಾಜನ ಹೆಸರಿನಲ್ಲೇ ಲುಡ್ವಿಗ್ ಮಿಷನ್ ಸಂಘ ಶುರುವಾಗಿತ್ತು. ಸಾಮಾನ್ಯ ಜನರ ಚಿಲ್ಲರೆ ಕಾಸು ಒಟ್ಟುಗೂಡಿಸಿ ಪರದೇಶದ ಚರ್ಚುಗಳಿಗೆ ಕಳಿಸುವ ಸಂಘ ಅದು. ರಾಜ ತನ್ನ ಕೈಯಿಂದಲೂ ಕೊಟ್ಟ. ವಿಮ್ಮರ್ ಮಾತ್ರ ಕಾಗದದ ಮೇಲೆ ಕಾಗದ ಬರೆದು ಕೇಳುತ್ತಲೇ ಇದ್ದರು. ನಮ್ಮಲ್ಲಿ ದೇವಸ್ಥಾನದ ಜೀರ್ಣೋದ್ಧಾರಕ್ಕೆ ರಸೀದಿ ಪುಸ್ತಕ ಹಿಡಿದು ಓಡಾಡುವವರನ್ನು ನೆನಪಿಸಿಕೊಳ್ಳಿ. ಅದೇ ಛಲ.

ಆದರೆ ನಿಜವಾದ ಬಂಡವಾಳ ಆ ಹದಿನಾಲ್ಕು ಜನರ ತೋಳು. ಪಾದ್ರಿ ದೀಕ್ಷೆ ಪಡೆಯದ ಇಂಥ ಸಹೋದರರು ಕಾಡು ಕಡಿದರು, ಹೊಲ ಹಸನು ಮಾಡಿದರು, ಅಲ್ಲೇ ಮಣ್ಣು ತೆಗೆದು ಇಟ್ಟಿಗೆ ಸುಟ್ಟರು. ನೀವು ನೋಡಿದ ಕೆಂಪು ಕಟ್ಟಡಗಳ ಇಟ್ಟಿಗೆ ಅಂಥದ್ದೇ. ನೀವು ಹಿಟ್ಟು ಕೊಂಡ ಗಿರಣಿ 1854ರದ್ದು. ಪುಸ್ತಕಗಳಲ್ಲಿ ವಿಮ್ಮರ್ ಹೆಸರು ಪುಟಪುಟಕ್ಕೂ ಬರುತ್ತದೆ, ಈ ಸಹೋದರರ ಹೆಸರು ಹುಡುಕಬೇಕಾದರೆ ಸ್ಮಶಾನಕ್ಕೇ ಹೋಗಬೇಕು. ಇದು ನನಗೆ ಯಾವಾಗಲೂ ಚುಚ್ಚುತ್ತದೆ.

ಬಿಯರ್ ವಿಷಯ ಬಿಟ್ಟರೆ ಈ ಕತೆ ಪೂರ್ತಿ ಆಗಲ್ಲ. ಬವೇರಿಯಾದವರಿಗೆ ಬಿಯರ್ ಅಂದರೆ ಊಟದ ಭಾಗ, ನಮಗೆ ಮಜ್ಜಿಗೆ ಇದ್ದ ಹಾಗೆ. ಅಲ್ಲಿನ ಮಠಗಳು ನೂರಾರು ವರ್ಷದಿಂದ ಮಾಡಿಕೊಂಡು ಬಂದದ್ದು. ಧರ್ಮಾಧ್ಯಕ್ಷ ಓಕಾನರ್ ಐರ್ಲೆಂಡಿನವರು, ಪಾನನಿಷೇಧ ಚಳವಳಿಯ ದೊಡ್ಡ ಬೆಂಬಲಿಗರು. ಕುಡಿತದಿಂದ ಐರಿಷ್ ಕೂಲಿಗಳ ಸಂಸಾರ ಹಾಳಾಗುವುದನ್ನು ಕಣ್ಣಾರೆ ಕಂಡವರು. ಅವರ ಸೀಮೆಯಲ್ಲೇ ಸನ್ಯಾಸಿಗಳು ಬಿಯರ್ ಮಾಡಿ ಮಾರುತ್ತೇವೆ ಅಂದರೆ ಹೇಗಿರಬೇಕು! ಜಗಳ ರೋಮ್ ತನಕ ಹೋಯಿತು. ಮಠದ ಮೇಲೆ ಅಧಿಕಾರ ಯಾರದ್ದು, ಶಾಲೆ ಯಾರ ಕೈಯಲ್ಲಿರಬೇಕು ಅನ್ನೋ ತಕರಾರುಗಳೂ ಅದಕ್ಕೆ ಸೇರಿಕೊಂಡವು. ವಿಮ್ಮರ್ ತಾವೇ ರೋಮ್‌ಗೆ ಹೋದರು. 1855ರಲ್ಲಿ ಪೋಪ್ 9ನೇ ಪಯಸ್ ಸೇಂಟ್ ವಿನ್ಸೆಂಟನ್ನು ಪೂರ್ಣ ಸ್ವತಂತ್ರ ಮಠ ಮಾಡಿ, ವಿಮ್ಮರ್ ಅವರನ್ನೇ ಮಠಾಧಿಪತಿ ಮಾಡಿದರು. ಬ್ರೂವರಿಯೂ ನಡೆಯಿತು. 19ನೇ ಶತಮಾನ ಮುಗಿಯುವ ಹೊತ್ತಿಗೆ ಜನರ ಟೀಕೆ ಜಾಸ್ತಿಯಾಗಿ ಅದು ನಿಂತಿತು. ಓಕಾನರ್ ಅವರನ್ನು ಖಳನಾಯಕ ಮಾಡುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಇಬ್ಬರೂ ತಮ್ಮ ತಮ್ಮ ಊರಿನ ಅನುಭವವನ್ನೇ ಹೊತ್ತು ತಂದಿದ್ದರು. ಒಬ್ಬರ ಊರಲ್ಲಿ ಅದು ಅನ್ನ, ಇನ್ನೊಬ್ಬರ ಊರಲ್ಲಿ ಅದು ವಿಷ.

ವಿಮ್ಮರ್ ಅವರನ್ನು ಹೊಗಳಿ ಮುಗಿಸುವ ಹಾಗೂ ಇಲ್ಲ. 1852ರಲ್ಲಿ ಐಕ್‌ಷ್ಟೆಟ್ ಎಂಬ ಊರಿನ ಮಠದಿಂದ ಬೆನೆಡಿಕ್ಟಾ ರೀಪ್ ಎಂಬ ಸನ್ಯಾಸಿನಿ ಇಬ್ಬರು ಸಂಗಾತಿಗಳ ಜತೆ ಪೆನ್ಸಿಲ್ವೇನಿಯಾಕ್ಕೆ ಬಂದರು. ವಲಸಿಗರ ಮಕ್ಕಳಿಗೆ ಪಾಠ ಹೇಳುವುದು ಉದ್ದೇಶ. ಸನ್ಯಾಸಿನಿಯರ ಮಠವೂ ತನ್ನ ಅಧೀನ ಅಂತ ವಿಮ್ಮರ್ ಪಟ್ಟು ಹಿಡಿದರು. ಯಾರು ಸೇರಬೇಕು, ಯಾರು ಎಲ್ಲಿಗೆ ಹೋಗಬೇಕು ಎಲ್ಲ ಅವರೇ ನಿರ್ಧರಿಸಬೇಕು. ಸನ್ಯಾಸಿನಿಯರಿಗೆ ಅಂತ ಬವೇರಿಯಾದಿಂದ ಬಂದ ಹಣದ ವಿಚಾರಕ್ಕೂ ಮನಸ್ತಾಪ ಆಯಿತು. ಧರ್ಮಾಧ್ಯಕ್ಷರ ಹಿಡಿತದಿಂದ ತನ್ನ ಮಠ ಬಿಡಿಸಿಕೊಳ್ಳಲು ರೋಮ್‌ಗೆ ಹೋದ ಮನುಷ್ಯ, ಇನ್ನೊಬ್ಬರ ಮಠವನ್ನು ತನ್ನ ಹಿಡಿತದಲ್ಲಿ ಇಟ್ಟುಕೊಳ್ಳಲು ನೋಡಿದರು. ರೀಪ್ ಕೂಡ ರೋಮ್ ತನಕ ದೂರು ಒಯ್ದರು. ಸನ್ಯಾಸಿನಿಯರು ವಿಮ್ಮರ್ ಕೈಕೆಳಗೆ ಇರಬೇಕಾಗಿಲ್ಲ ಅಂತ 1859ರಲ್ಲಿ ರೋಮ್ ಹೇಳಿತು. ಇದಾದ ಮೂರೇ ವರ್ಷಕ್ಕೆ ರೀಪ್ ಮಿನ್ನೆಸೋಟಾದಲ್ಲಿ ತೀರಿಕೊಂಡರು. ಅಮೆರಿಕದ ಎಷ್ಟೋ ಬೆನೆಡಿಕ್ಟೈನ್ ಸನ್ಯಾಸಿನಿ ಮಠಗಳ ಬೇರು ಇವತ್ತಿಗೂ ಅವರದ್ದೇ.

1887ರ ಡಿಸೆಂಬರ್ 8ರಂದು ವಿಮ್ಮರ್ ಸಾಯುವ ಹೊತ್ತಿಗೆ ಮಿನ್ನೆಸೋಟಾ, ಕ್ಯಾನ್ಸಾಸ್, ನ್ಯೂಜೆರ್ಸಿ, ನಾರ್ತ್ ಕೆರೊಲಿನಾ ಎಲ್ಲ ಕಡೆ ಮರಿ ಮಠಗಳು ಎದ್ದಿದ್ದವು. 1925ರಲ್ಲಿ ಸೇಂಟ್ ವಿನ್ಸೆಂಟ್‌ನ ಸನ್ಯಾಸಿಗಳೇ ಚೀನಾಕ್ಕೆ ಹೋಗಿ ಪೀಕಿಂಗ್‌ನಲ್ಲಿ ಫೂ ಜೆನ್ ವಿಶ್ವವಿದ್ಯಾಲಯ ಶುರು ಮಾಡಿದರು. ವಲಸೆ ಬಂದವರ ಮನೆ ಈಗ ವಲಸೆ ಕಳಿಸುವ ಮನೆ ಆಯಿತು. ಪಾಪ, ಅಷ್ಟರಲ್ಲಿ ಅಮೆರಿಕದ ಆರ್ಥಿಕ ಕುಸಿತ ಬಂತು. ಸಾಲ ಕುತ್ತಿಗೆಗೆ ಬಂದು 1933ರಲ್ಲಿ ಅದನ್ನು ಬೇರೆ ಧಾರ್ಮಿಕ ಸಂಘದವರಿಗೆ ಬಿಟ್ಟುಕೊಡಬೇಕಾಯಿತು.

ವಿಮ್ಮರ್ ಯೋಜನೆ ಹಾಕಿಕೊಂಡು ಹೊರಟವರು. ಆದರೆ ಹೆಚ್ಚಿನವರು ಹೊರಟದ್ದು ಪ್ರಾಣ ಉಳಿಸಿಕೊಳ್ಳಲು. ಫ್ರೆಂಚ್ ಕ್ರಾಂತಿಯ ಸರ್ಕಾರ ಮಠಗಳನ್ನು ಮುಚ್ಚಿಸಿದಾಗ, 1791ರಲ್ಲಿ ಲಾ ಟ್ರಾಪ್ ಮಠದ ಅಗಸ್ಟಿನ್ ದ ಲೆಸ್ಟ್ರಾಂಜ್ ಎಂಬವರು ಇಪ್ಪತ್ತನಾಲ್ಕು ಜನರನ್ನು ಕಟ್ಟಿಕೊಂಡು ಸ್ವಿಟ್ಜರ್ಲೆಂಡಿಗೆ ಹೋದರು. ಖಾಲಿ ಬಿದ್ದಿದ್ದ ಹಳೇ ಮಠವೊಂದರಲ್ಲಿ ನೆಲೆಸಿದರು. 1798ರಲ್ಲಿ ಫ್ರೆಂಚ್ ಸೈನ್ಯ ಅಲ್ಲಿಗೂ ಬಂತು. ಆಗ ಸನ್ಯಾಸಿಗಳು, ಸನ್ಯಾಸಿನಿಯರು, ಮಠದ ಶಾಲೆಯ ಮಕ್ಕಳು ಸೇರಿ ಸುಮಾರು ಇನ್ನೂರೈವತ್ತು ಜನ ಯುರೋಪ್ ದಾಟಿ ರಷ್ಯಾಕ್ಕೆ ಹೊರಟರು. ಲಾ ಟ್ರಾಪ್‌ನ ಈ ಟ್ರಾಪಿಸ್ಟರು ಅಂದರೆ ಬೆನೆಡಿಕ್ಟರ ನಿಯಮಾವಳಿಯ ಜತೆ ಮೌನ ಪಾಲಿಸುವವರು. ಬಂಡಿ, ದೋಣಿಯಲ್ಲಿ ಹೋಗುವಾಗಲೂ ಪ್ರಾರ್ಥನೆಯ ಹೊತ್ತು, ಮೌನದ ಹೊತ್ತು ತಪ್ಪದ ಹಾಗೆ ನೋಡಿಕೊಂಡರು. ನೋಡಿ, ಸ್ಥಿರತೆಯ ಪ್ರತಿಜ್ಞೆ ಅಂದರೆ ಇದು. ಗೋಡೆ ಇಲ್ಲ, ಗಂಟೆ ಇದೆ. 1800ರಲ್ಲಿ ರಷ್ಯಾದ ಚಕ್ರವರ್ತಿಯೂ ಹೊರಡಿ ಅಂದ. ಅವರು ಮತ್ತೆ ಪಶ್ಚಿಮಕ್ಕೆ ತಿರುಗಿದರು.

ಇದೇ ಬಳ್ಳಿಯ ಇನ್ನೊಂದು ಕುಡಿ ಇಂಗ್ಲೆಂಡಿನ ಲಲ್‌ವರ್ತ್‌ನಲ್ಲಿ ನೆಲೆಸಿ, 1817ರಲ್ಲಿ ಫ್ರಾನ್ಸಿನ ಮೆಲ್ಲೆರೆಗೆ ವಾಪಸ್ ಬಂತು. ಅಷ್ಟರಲ್ಲಿ ಅದರಲ್ಲಿ ಐರಿಷರೂ ಇಂಗ್ಲಿಷರೂ ತುಂಬಿದ್ದರು. 1831ರಲ್ಲಿ ಫ್ರೆಂಚ್ ಸರ್ಕಾರ ಅವರನ್ನೆಲ್ಲ ಹಡಗು ಹತ್ತಿಸಿ ಐರ್ಲೆಂಡಿಗೆ ಕಳಿಸಿತು. ಅಲ್ಲಿ ವಾಟರ್‌ಫರ್ಡ್ ಜಿಲ್ಲೆಯ ಬೆಟ್ಟದ ಬರಡು ಜಾಗ ಸಿಕ್ಕಿತು. ಸುತ್ತಲ ಹಳ್ಳಿಯವರು ಬಂದು ಪುಕ್ಕಟೆ ದುಡಿದು ಜಮೀನು ಹಸನು ಮಾಡಿಕೊಟ್ಟರು. ಅದೇ ಮೌಂಟ್ ಮೆಲ್ಲೆರಿ. 1848ರಲ್ಲಿ ಫ್ರಾನ್ಸಿನ ಮೆಲ್ಲೆರೆಯಿಂದ ನಲವತ್ತನಾಲ್ಕು ಜನ ಕೆಂಟಕಿಗೆ ಹೋಗಿ ಗೆತ್ಸೆಮನಿ ಮಠ ಕಟ್ಟಿದರು. ಮಾರನೇ ವರ್ಷ ಐರ್ಲೆಂಡಿನವರು ಅಯೋವಾಕ್ಕೆ ಹೋಗಿ ನ್ಯೂ ಮೆಲ್ಲೆರಿ ಕಟ್ಟಿದರು. ಐರ್ಲೆಂಡಿನಲ್ಲಿ ಆಗ ಆಲೂಗೆಡ್ಡೆ ಬರಗಾಲ. ಮಿಸ್ಸಿಸಿಪ್ಪಿ ನದಿಯ ಹಡಗಿನಲ್ಲಿ ಹೋಗುವಾಗ ಕಾಲರಾ ಬಂದು ಆರು ಸನ್ಯಾಸಿಗಳು ಸತ್ತರು. ಊರು ತಲುಪುವ ಮೊದಲೇ.

ಈಗಿನ ಸ್ಥಿತಿ ಕೇಳಿ. ಫ್ರಾನ್ಸಿನ ಮೆಲ್ಲೆರೆಯಿಂದ ಟ್ರಾಪಿಸ್ಟರು 2016ರಲ್ಲಿ ಹೊರಟುಹೋದರು. ಐರ್ಲೆಂಡಿನ ಮೌಂಟ್ ಮೆಲ್ಲೆರಿಯನ್ನು 2025ರ ಜನವರಿಯಲ್ಲಿ ಬಿಟ್ಟರು. ಕೆಂಟಕಿಯವರು ಹಣ್ಣಿನ ಕೇಕ್ ಮಾಡಿ ಮಾರುತ್ತಾ, ಅಯೋವಾದವರು ಮರದ ಶವಪೆಟ್ಟಿಗೆ ಮಾಡಿ ಮಾರುತ್ತಾ ನಡೆಸಿಕೊಂಡು ಹೋಗುತ್ತಿದ್ದಾರೆ. ತಾಯಿ ಬೇರು ಒಣಗಿದರೂ ನೆಟ್ಟ ಕೊಂಬೆ ಬದುಕಿದೆ.

ಆಸ್ಟ್ರೇಲಿಯಾದ ಉದಾಹರಣೆ ಒಂದು ಹೇಳಬೇಕು. 1835ರಲ್ಲಿ ಸ್ಪೇನ್ ಸರ್ಕಾರ ಮಠಗಳನ್ನು ಮುಚ್ಚಿದಾಗ ರೊಸೆಂಡೊ ಸಾಲ್ವಾಡೊ ಮತ್ತು ಹೋಸೆ ಸೆರಾ ಎಂಬ ಇಬ್ಬರು ಬೆನೆಡಿಕ್ಟೈನರು ಇಟಲಿಯ ಮಠ ಸೇರಿದರು. ಅಲ್ಲಿಂದ 1846ರಲ್ಲಿ ಪಶ್ಚಿಮ ಆಸ್ಟ್ರೇಲಿಯಾ. ನೂಂಗಾರ್ ಮೂಲನಿವಾಸಿಗಳ ನಡುವೆ ಕಾಡಿನಲ್ಲಿ ಕೆಲಸ ಶುರು ಮಾಡಿದ ಕೆಲವೇ ತಿಂಗಳಿಗೆ ದಿನಸಿ ಮುಗಿಯಿತು. ಸಾಲ್ವಾಡೊ ಒಳ್ಳೆ ಪಿಯಾನೋ ವಾದಕ. ಕಾಲ್ನಡಿಗೆಯಲ್ಲಿ ಪರ್ತ್ ನಗರಕ್ಕೆ ಹೋಗಿ ಕೋರ್ಟ್ ಕಟ್ಟಡದಲ್ಲಿ ಕಛೇರಿ ಕೊಟ್ಟರು. ಹರಿದ ಉಡುಪು, ಸವೆದ ಬೂಟು. ಪಿಯಾನೋ ಊರಿನ ಸನ್ಯಾಸಿನಿಯರದ್ದು. ಬೇರೆ ಪಂಗಡದವರೂ ಕೈಜೋಡಿಸಿದರು. ಬಂದ ದುಡ್ಡಿನಲ್ಲಿ ಎತ್ತು ಮತ್ತು ಸಾಮಾನು ಕೊಂಡು ಕಾಡಿಗೆ ವಾಪಸ್. ಮಠದ ಹೆಸರು ನ್ಯೂ ನಾರ್ಸಿಯಾ, ಬೆನೆಡಿಕ್ಟರು ಹುಟ್ಟಿದ ಊರಿನ ನೆನಪಿಗೆ. ಕೇಳಲು ಚೆಂದದ ಕತೆ. ಆದರೆ ಅಲ್ಲೇ ಮುಂದೆ ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದ ದೂರ ಇಟ್ಟು ಸಾಕಿದ ಅನಾಥಾಲಯಗಳು ನಡೆದವು. ಮಠದ ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯದ ದೂರುಗಳನ್ನು ಆಸ್ಟ್ರೇಲಿಯಾದ ರಾಯಲ್ ಕಮಿಷನ್ ದಾಖಲಿಸಿದೆ. ಪಿಯಾನೋ ಕತೆ ಹೇಳುವವರು ಇದನ್ನೂ ಹೇಳಬೇಕು.

20ನೇ ಶತಮಾನದಲ್ಲಿ ಹೊರಟವರು ಹೆಚ್ಚಾಗಿ ಕಮ್ಯುನಿಸ್ಟ್ ಸರ್ಕಾರಗಳಿಂದ ತಪ್ಪಿಸಿಕೊಂಡವರು. 1950ರಲ್ಲಿ ಹಂಗರಿಯ ಜಿರ್ಟ್ಸ್ ಮಠದ ಮಠಾಧಿಪತಿ ಜೈಲು ಸೇರಿದರು, ಮಠ ಮುಚ್ಚಿತು. ಹೊರಗೆ ಉಳಿದ ಅಲ್ಲಿನ ಸಿಸ್ಟರ್ಷಿಯನ್ (ಬೆನೆಡಿಕ್ಟರ ನಿಯಮಾವಳಿಯನ್ನೇ ಪಾಲಿಸುವ ಇನ್ನೊಂದು ಪಂಗಡ) ಸನ್ಯಾಸಿಗಳು ಟೆಕ್ಸಾಸ್‌ನ ಡಲ್ಲಾಸ್ ಬಳಿ ಸೇರಿ ಮಠ ಕಟ್ಟಿ, 1962ರಲ್ಲಿ ಹುಡುಗರ ಶಾಲೆ ತೆರೆದರು. ಹಂಗರಿಯ ಬೆನೆಡಿಕ್ಟೈನರು 1957ರಲ್ಲಿ ಕ್ಯಾಲಿಫೋರ್ನಿಯಾದ ವುಡ್‌ಸೈಡ್‌ನಲ್ಲಿ ಹಾಗೇ ಮಾಡಿದರು. ಎಲ್ಲ ಕಡೆ ಕೊನೆಗೆ ಶಾಲೆಯೇ ಬರುತ್ತದೆ, ಗಮನಿಸಿದಿರಾ? ಹೊಲದಿಂದ ಊಟ ಆಗುತ್ತದೆ. ಆದರೆ ಊರಿನವರ ಜತೆ ಕೊಂಡಿ ಬೆಸೆಯಲು, ಊರಿನ ಹುಡುಗರು ಮಠಕ್ಕೆ ಬರಲು ಶಾಲೆ ಬೇಕು. ತಮ್ಮ ಭಾಷೆಯವರನ್ನೇ ಕಾಯುತ್ತಾ ಕೂತ ಮಠ ಒಂದು ತಲೆಮಾರಿಗೆ ಮುಗಿಯುತ್ತದೆ. ನೀವು ಲ್ಯಾಟ್ರೋಬ್‌ನಲ್ಲಿ ಕಂಡ ಸನ್ಯಾಸಿಗಳು ಜರ್ಮನ್ ಆಡದೇ ಇದ್ದರೆ, ಅದೇ ಆ ಮಠ ಉಳಿದಿರುವ ಕಾರಣ.

ನಮ್ಮ ಕಡೆಯೂ ಇದೆಯಾ ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. 1955ರಲ್ಲಿ ಇಂಗ್ಲೆಂಡಿನ ಬೆನೆಡಿಕ್ಟೈನ್ ಸನ್ಯಾಸಿ ಬೀಡ್ ಗ್ರಿಫಿತ್ಸ್, ಭಾರತ ಮೂಲದ ಬೆನೆಡಿಕ್ಟ್ ಆಲಪಾಟ್ ಜತೆ ಬೆಂಗಳೂರಿಗೆ ಬಂದು ಕೆಂಗೇರಿಯಲ್ಲಿ ಜಾಗ ಕೊಂಡರು. ಗ್ರಿಫಿತ್ಸ್‌ಗೆ ಅಲ್ಲಿನ ರೀತಿ ತೀರಾ ಪಾಶ್ಚಾತ್ಯ ಅನ್ನಿಸಿತು. 1958ರಲ್ಲಿ ಅವರು ಕೇರಳದ ವಾಗಮಣ್ ಬೆಟ್ಟಕ್ಕೆ ಹೋಗಿ, ಬೆಲ್ಜಿಯಂನ ಸನ್ಯಾಸಿ ಫ್ರಾನ್ಸಿಸ್ ಆಚಾರ್ಯ ಅವರ ಕುರಿಸುಮಲ ಆಶ್ರಮ ಸೇರಿದರು. ಅಲ್ಲಿ ಕಾವಿ ಉಟ್ಟು, ನೆಲದ ಮೇಲೆ ಕೂತು ಪೂಜೆ. ಹೊಟ್ಟೆಪಾಡಿಗೆ ಹಸು ಸಾಕಣೆ. ಕೆಂಗೇರಿಯ ಕೆಲಸ ಮಾತ್ರ ನಿಲ್ಲಲಿಲ್ಲ. ಬೆಲ್ಜಿಯಂನ ಸಿಂಟ್ ಆಂಡ್ರೀಸ್ ಮಠದವರು ಅದನ್ನು ಮುಂದುವರಿಸಿದರು. ಚೀನಾದಲ್ಲಿ ಮಠ ಕಟ್ಟಿ, ಅಲ್ಲಿಂದ ಹೊರದಬ್ಬಿಸಿಕೊಂಡು, 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ವಾಲಿಯರ್ಮೊದಲ್ಲಿ ಮತ್ತೆ ನೆಲೆ ಹುಡುಕಿಕೊಂಡ ಅದೇ ಮಠದ ಕೊಂಬೆ ಇದು. ಈಗ ಅದರ ಹೆಸರು ಆಶೀರ್ವನಂ. ನೀವು ಮೈಸೂರಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಬರುವವರಾದರೆ, ಕೆಂಗೇರಿ ಹತ್ತಿರ ಬಂದಾಗ ಒಂದು ಗಳಿಗೆ ಒಳಗೆ ಹೋಗಿ ನೋಡಿ.